ಪ್ಲೇಟು, ಕಾಯಿಲ್, ಕಂಬಿ: ಉಕ್ಕು ಆಯ್ಕೆ ಮಾಡುವ ಮೊದಲು ಅದು ಹೇಗೆ ತಣ್ಣಗಾಯಿತು ಅಂತ ಕೇಳಿ

ಪೀಣ್ಯ ಎರಡನೇ ಹಂತದ ಒಬ್ಬ ಫ್ಯಾಬ್ರಿಕೇಟರ್ ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಟೆಸ್ಟಿಂಗ್ ಲ್ಯಾಬಿಗೆ ಎರಡು ತುಂಡು ಪ್ಲೇಟು ತಂದರು. ಎರಡೂ 16 ಎಂಎಂ. ಎರಡಕ್ಕೂ ಐಎಸ್ 2062 ಇ350 (ಉಕ್ಕಿನ ಭಾರತೀಯ ಸ್ಟ್ಯಾಂಡರ್ಡಿನ ಒಂದು ಗ್ರೇಡ್) ಅಂತ ಟಿಸಿ, ಅಂದರೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್, ಇತ್ತು. ಎರಡನ್ನೂ ಒಂದೇ ಫರ್ನೇಸಿನಲ್ಲಿ 900 ಡಿಗ್ರಿ ದಾಟುವವರೆಗೆ ಕಾಯಿಸಿ, ಪ್ರೆಸ್ಸಿನಲ್ಲಿ ಬಟ್ಟಲಿನ ಆಕಾರಕ್ಕೆ ಒತ್ತಿದ್ದರು. ಒಂದು ತುಂಡು ಟೆಸ್ಟಿನಲ್ಲಿ ಪಾಸಾಯಿತು. ಇನ್ನೊಂದರ ಯೀಲ್ಡ್, ಅಂದರೆ ಉಕ್ಕು ಮತ್ತೆ ಮೊದಲಿನ ಆಕಾರಕ್ಕೆ ಮರಳದಂತೆ ಹಿಗ್ಗಲು ಶುರುವಾಗುವ ಒತ್ತಡ, 350ರ ಕೆಳಗೆ ಇಳಿದಿತ್ತು. "ಎರಡೂ ಇ350 ತಾನೇ ಸಾರ್? ಡೀಲರ್ ಮೋಸ ಮಾಡಿದ್ರಾ?" ಅಂತ ಅವರು ಕೇಳಿದರು.

ಡೀಲರ್ ಮೋಸ ಮಾಡಿರಲಿಲ್ಲ. ಅಂಗಡಿಯಿಂದ ಬಂದಾಗ ಎರಡು ಪ್ಲೇಟೂ ಸರಿಯಾಗಿಯೇ ಇದ್ದವು. ಇ350 ಎಂದರೆ 20 ಎಂಎಂಗಿಂತ ತೆಳ್ಳಗಿನ ಪ್ಲೇಟಿಗೆ ಕನಿಷ್ಠ 350 ಎಂಪಿಎ (ಮೆಗಾಪಾಸ್ಕಲ್) ಯೀಲ್ಡ್ ಇರಬೇಕು ಅಂತ, ಅಷ್ಟೇ. ಆ 350 ಎಲ್ಲಿಂದ ಬಂತು ಅನ್ನುವುದು ಗ್ರೇಡಿನ ಹೆಸರಿನಲ್ಲಿ ಇರುವುದಿಲ್ಲ. ಮೊದಲ ಪ್ಲೇಟು ಅದನ್ನು ಕಾರ್ಬನ್ ಮತ್ತು ಮ್ಯಾಂಗನೀಸಿನಿಂದ ಪಡೆದಿತ್ತು. ಎರಡನೆಯದು ಮಿಲ್ಲಿನಲ್ಲಿ ರೋಲ್ ಆದ ರೀತಿಯಿಂದ, ಆಮೇಲೆ ಮೈಮೇಲೆ ಬಿದ್ದ ನೀರಿನಿಂದ ಪಡೆದಿತ್ತು. ಫರ್ನೇಸಿಗೆ ಹೋದ ತಕ್ಷಣ ಎರಡನೆಯದರ ಗಳಿಕೆ ಅಳಿಸಿಹೋಯಿತು.

ಅವತ್ತಿನಿಂದ ಯಾರು ಮೆಟೀರಿಯಲ್ ಬಗ್ಗೆ ಸಲಹೆ ಕೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇದಕ್ಕೆ ನೀವು ಮತ್ತೆ ಬೆಂಕಿ ತೋರಿಸುತ್ತೀರಾ? ರೇಟು, ದಪ್ಪ, ಗ್ರೇಡು ಎಲ್ಲ ಆಮೇಲೆ.

ತಣ್ಣಗಾಗುವಾಗ ಒಳಗೆ ಏನಾಗುತ್ತದೆ

ಮಿಲ್ಲಿನಲ್ಲಿ ಉಕ್ಕಿನ ಸ್ಲ್ಯಾಬನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಆ ಬಿಸಿಯಲ್ಲಿ ಕಬ್ಬಿಣದ ಹರಳುಗಳು ಆಸ್ಟೆನೈಟ್ ಅನ್ನುವ ರೂಪದಲ್ಲಿ ಇರುತ್ತವೆ. ಕಾರ್ಬನ್ ಅದರೊಳಗೆ ಆರಾಮಾಗಿ ಕರಗಿರುತ್ತದೆ. ಉಕ್ಕು ಆರುತ್ತಾ ಬಂದಾಗ ಫೆರೈಟ್ ಅನ್ನುವ ಮೆತ್ತಗಿನ ಹರಳು ಹುಟ್ಟಲು ಶುರುವಾಗುತ್ತದೆ. ಫೆರೈಟಿನಲ್ಲಿ ಕಾರ್ಬನ್‌ಗೆ ಜಾಗ ಇಲ್ಲ. 727 ಡಿಗ್ರಿಯಲ್ಲಿ ಕೂಡ ಶೇಕಡಾ 0.02ರಷ್ಟು ಮಾತ್ರ ಹಿಡಿಯುತ್ತದೆ. ಉಳಿದ ಕಾರ್ಬನ್ ಹೊರಗೆ ಸರಿದು, ಕಬ್ಬಿಣದ ಜೊತೆ ಸೇರಿ, ಪದರ ಪದರವಾಗಿ ಪರ್ಲೈಟ್ ಆಗುತ್ತದೆ.

ಈ ಸರಿಯುವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಅನ್ನುವುದೇ ಇಲ್ಲಿನ ಗುಟ್ಟು. ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ದಪ್ಪ ಕಲ್ಲುಸಕ್ಕರೆ ಬೆಳೆಯುತ್ತದೆ. ಬೇಗ ಗಟ್ಟಿಯಾಗಿಸಿದರೆ ನುಣ್ಣನೆ ಕಾಳು ಬರುತ್ತದೆ. ಉಕ್ಕಿನಲ್ಲೂ ಹಾಗೇ. ಗಾಳಿಯಲ್ಲಿ ನಿಧಾನ ಆರಿದರೆ ಹರಳು ದಪ್ಪ. ನೀರು ಬಿಟ್ಟು ಬೇಗ ತಣಿಸಿದರೆ ಒಂದೇ ಸಲ ಸಾವಿರಾರು ಕಡೆ ಹರಳು ಹುಟ್ಟುತ್ತದೆ, ಯಾವುದಕ್ಕೂ ಬೆಳೆಯಲು ಜಾಗ ಸಿಗುವುದಿಲ್ಲ. ಇನ್ನೂ ಬೇಗ ತಣಿಸಿದರೆ ಬೈನೈಟ್ ಅನ್ನುವ ಇನ್ನೂ ನುಣ್ಣನೆಯ, ಗಟ್ಟಿ ರಚನೆ. ಒಮ್ಮೆಗೇ ತಣಿಸಿದರೆ ಕಾರ್ಬನ್ ಓಡಿಹೋಗಲು ಸಮಯವೇ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅದು ಮಾರ್ಟೆನ್ಸೈಟ್. ತುಂಬ ಗಡಸು. ಹಾಗೇ ಬಿಟ್ಟರೆ ಪೆಡಸು. ಕುಲುಮೆಯಲ್ಲಿ ಮಚ್ಚಿನ ಬಾಯಿಯನ್ನು ನೀರಿಗೆ ಅದ್ದುವ ಕಮ್ಮಾರರು ಈ ಹೆಸರು ಕೇಳದೇ ಇರಬಹುದು. ಆದರೆ ಅದ್ದಿದ ಮೇಲೆ ಮತ್ತೆ ಸ್ವಲ್ಪ ಬಿಸಿ ತಾಗಿಸಿ ಹದ ತರಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಸಣ್ಣ ಹರಳಿನ ಮೇಲೆ ನನಗೆ ಜಾಸ್ತಿ ಪ್ರೀತಿ. ಅದಕ್ಕೆ ಕಾರಣ ಇದೆ. ಉಕ್ಕಿನ ಬಲ ಹೆಚ್ಚಿಸುವ ಬೇರೆ ಬಹುತೇಕ ದಾರಿಗಳು ಅದರ ತಾಳಿಕೆಯನ್ನು ತಿನ್ನುತ್ತವೆ. ಕಾರ್ಬನ್ ಹೆಚ್ಚಿಸಿದರೆ ಬಲ ಬರುತ್ತದೆ, ಆದರೆ ಪೆಟ್ಟಿಗೆ ಬೇಗ ಒಡೆಯುತ್ತದೆ, ವೆಲ್ಡಿಂಗಿಗೂ ಕಷ್ಟ. ಹರಳು ಸಣ್ಣದಾದರೆ ಬಲವೂ ಹೆಚ್ಚುತ್ತದೆ, ಪೆಟ್ಟು ತಾಳುವ ಗುಣವೂ ಹೆಚ್ಚುತ್ತದೆ. ಹಾಲ್ ಮತ್ತು ಪೆಚ್ ಅನ್ನುವ ಇಬ್ಬರು 1950ರ ದಶಕದ ಶುರುವಿನಲ್ಲಿ ಹರಳಿನ ಗಾತ್ರಕ್ಕೂ ಬಲಕ್ಕೂ ಇರುವ ನಂಟನ್ನು ಲೆಕ್ಕಕ್ಕೆ ತಂದರು. ಇವತ್ತು ಪ್ಲೇಟ್ ಮಿಲ್ಲುಗಳು ಅಷ್ಟೊಂದು ಖರ್ಚು ಮಾಡಿ ನೀರಿನ ಸಾಲು ಕೂರಿಸುವುದು ಈ ಲಾಭಕ್ಕೇ.

ಪ್ಲೇಟು: ನಾಲ್ಕು ಬಗೆ, ನಾಲ್ಕು ಸ್ವಭಾವ

ಯುರೋಪಿನ ಸ್ಟ್ಯಾಂಡರ್ಡಿನಲ್ಲಿ ಒಂದು ಒಳ್ಳೆಯ ಅಭ್ಯಾಸ ಇದೆ. ಹೇಗೆ ತಯಾರಾಯಿತು ಅನ್ನುವುದಕ್ಕೆ ಒಂದು ಗುರುತಿನ ಅಕ್ಷರ ಇರುತ್ತದೆ. ಎಆರ್ ಎಂದರೆ ರೋಲ್ ಆದ ಹಾಗೇ. ಎನ್ ಎಂದರೆ ನಾರ್ಮಲೈಸ್ ಮಾಡಿದ್ದು. ಎಂ ಎಂದರೆ ಥರ್ಮೋಮೆಕ್ಯಾನಿಕಲ್ ರೋಲಿಂಗ್. ಕ್ಯೂ ಎಂದರೆ ಕ್ವೆಂಚ್ ಮಾಡಿ (ಒಮ್ಮೆಗೇ ತಣಿಸಿ) ಟೆಂಪರ್ ಮಾಡಿದ್ದು (ಮತ್ತೆ ಬಿಸಿ ತಾಗಿಸಿ ಹದ ತಂದದ್ದು). ನಮ್ಮ ಇ250, ಇ350 ಹೆಸರಿನಲ್ಲಿ ಈ ಮಾಹಿತಿ ಸಿಗುವುದಿಲ್ಲ. ಬಿಆರ್, ಬಿಒ, ಸಿ ಅನ್ನುವ ಬಾಲಗಳು ಪೆಟ್ಟಿನ ಪರೀಕ್ಷೆಯ ಬಗ್ಗೆ. ಬಿಒ ಎಂದರೆ ಸೊನ್ನೆ ಡಿಗ್ರಿಯಲ್ಲಿ, ಸಿ ಎಂದರೆ ಮೈನಸ್ 20ರಲ್ಲಿ ಪೆಟ್ಟು ತಾಳಬೇಕು ಅಂತ. ಹಾಗಾಗಿ ಟಿಸಿಯಲ್ಲಿ 'ಸಪ್ಲೈ ಕಂಡೀಷನ್' ಅನ್ನುವ ಜಾಗ ಹುಡುಕಿ ಓದಬೇಕು. ಖಾಲಿ ಇದ್ದರೆ ಬರೆದು ಕೇಳಬೇಕು.

ರೋಲ್ ಆಗಿ ಸುಮ್ನೆ ಗಾಳಿಯಲ್ಲಿ ಆರಿದ ಇ250 ಪ್ಲೇಟನ್ನು ಯಾರೂ ಕೀಳಾಗಿ ನೋಡಬೇಡಿ. ಬೆಂಗಳೂರಿನಲ್ಲಿ ಅದಕ್ಕೆ ಬಹಳ ದೊಡ್ಡ ಕೆಲಸ ಇದೆ. 1953ರಲ್ಲಿ ಎಚ್‌ಎಂಟಿ ಇಲ್ಲಿ ಶುರುವಾದಾಗಿನಿಂದ ನಮ್ಮದು ಮೆಷಿನ್ ಟೂಲಿನ ಊರು. ಪ್ಲೇಟು ವೆಲ್ಡ್ ಮಾಡಿ ಮೆಷಿನ್ ಬೆಡ್, ಬೇಸ್ ಫ್ರೇಮ್ ಕಟ್ಟುವವರು ಬಹಳ ಜನ. ಅವರು ವೆಲ್ಡಿಂಗ್ ಮುಗಿದ ಮೇಲೆ ಇಡೀ ಫ್ರೇಮನ್ನು 600 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ನಿಧಾನವಾಗಿ ಆರಿಸಿ, ಒಳಗಿನ ಒತ್ತಡ ಬಿಡಿಸುತ್ತಾರೆ. ಗಾಳಿಯಲ್ಲಿ ಆರಿದ ಉಕ್ಕಿಗೆ ಇದರಿಂದ ಅಂಥ ನಷ್ಟವೇನೂ ಇಲ್ಲ. ಕಳೆದುಕೊಳ್ಳಲು ನೀರಿನಿಂದ ಬಂದ ಬಲವೇ ಅದರಲ್ಲಿ ಇಲ್ಲವಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೆಷಿನ್ ಫ್ರೇಮಿಗೆ ಬೇಕಾದದ್ದು ಬಾಗದೇ ಇರುವ ಗುಣ. ಅದು ಇ250ಗೂ ಇ350ಗೂ 700 ಯೀಲ್ಡಿನ ಶೀಟಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ತಣಿಸುವ ರೀತಿ ಬದಲಾಯಿಸಿ ಅದನ್ನು ಹೆಚ್ಚಿಸಲು ಆಗುವುದಿಲ್ಲ. ಹಾಗಾಗಿ 'ಗ್ರೇಡ್ ಏರಿಸಿದರೆ ಫ್ರೇಮ್ ಗಟ್ಟಿಯಾಗುತ್ತದೆ' ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ದಪ್ಪ ಹೆಚ್ಚಿಸಿ, ಇಲ್ಲವೇ ಪಕ್ಕೆಪಟ್ಟಿ ಹಾಕಿ. ಗ್ರೇಡಿಗೆ ಕೊಡುವ ಜಾಸ್ತಿ ದುಡ್ಡು ಅಲ್ಲಿ ಕೆಲಸಕ್ಕೆ ಬಾರದು.

ನಾರ್ಮಲೈಸ್ ಮಾಡಿದ ಪ್ಲೇಟನ್ನು ರೋಲಿಂಗ್ ಮುಗಿದ ಮೇಲೆ ಮತ್ತೆ ಸುಮಾರು 900 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಿಸಿರುತ್ತಾರೆ. ಹರಳು ಒಂದು ಸಮನಾಗಿ, ಸಣ್ಣದಾಗಿ ಬರುತ್ತದೆ. ಪ್ರೆಷರ್ ವೆಸೆಲ್, ಬಾಯ್ಲರ್ ಕೆಲಸಕ್ಕೆ ಇದೇ ನಂಬಿಕಸ್ಥ. ಅಲ್ಲಿ ಬಳಸುವ ಅಮೆರಿಕದ ಗ್ರೇಡ್ ಎಸ್‌ಎ 516 ಗ್ರೇಡ್ 70 ಪ್ಲೇಟು 40 ಎಂಎಂ ದಾಟಿದರೆ ನಾರ್ಮಲೈಸ್ ಮಾಡಿಯೇ ಕೊಡಬೇಕು ಅನ್ನುವ ನಿಯಮ ಇದೆ. ಈ ಬಗೆಯ ದೊಡ್ಡ ಗುಣ ಎಂದರೆ, ನೀವು ಅದನ್ನು ಕೆಂಪಗೆ ಕಾಯಿಸಿ ಒತ್ತಿದರೂ, ಬಿಸಿಯನ್ನು ಹಿಡಿತದಲ್ಲಿಟ್ಟು ಗಾಳಿಯಲ್ಲಿ ಆರಿಸಿದರೆ ಮತ್ತೆ ಅದೇ ಸ್ಥಿತಿಗೆ ಬರುತ್ತದೆ. ಶುರುವಿನಲ್ಲಿ ಹೇಳಿದೆನಲ್ಲ, ಪಾಸಾದ ತುಂಡು, ಅದು ಇದೇ ಬಗೆಯದು. ತೊಂದರೆ ಏನೆಂದರೆ, ಗಾಳಿಯಲ್ಲಿ ಆರಿದರೂ ಬಲ ಉಳಿಯಬೇಕು ಅಂತ ಕಾರ್ಬನ್ ಮತ್ತು ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ದಪ್ಪ ಪ್ಲೇಟು ವೆಲ್ಡ್ ಮಾಡುವಾಗ ಪ್ರೀಹೀಟ್, ಅಂದರೆ ವೆಲ್ಡಿಂಗಿಗೆ ಮುಂಚೆಯೇ ಬಿಸಿ, ಕೊಡಬೇಕಾಗುತ್ತದೆ.

ಎಂ ಬಗೆಯ ಪ್ಲೇಟಿನ ಮೆರುಗು ಇರುವುದೇ ಇಲ್ಲಿ. ಅದರಲ್ಲಿ ಚಿಟಿಕೆಯಷ್ಟು ನಯೋಬಿಯಂ ಅನ್ನುವ ಲೋಹ ಇರುತ್ತದೆ, ಸಾಮಾನ್ಯವಾಗಿ ಶೇಕಡಾ 0.05ರ ಒಳಗೆ. ರೋಲಿಂಗಿನ ಕೊನೆಯ ಹಂತವನ್ನು ಕಡಿಮೆ ಬಿಸಿಯಲ್ಲಿ ಮಾಡುತ್ತಾರೆ. ನಯೋಬಿಯಂ ಆಸ್ಟೆನೈಟ್ ಹರಳು ಮತ್ತೆ ದುಂಡಗಾಗದಂತೆ ತಡೆಯುತ್ತದೆ, ಹರಳುಗಳು ದೋಸೆಯಂತೆ ಚಪ್ಪಟೆಯಾಗಿ ಉಳಿಯುತ್ತವೆ. ಆಗ ನೀರು ಬಿಟ್ಟು ಬೇಗ ತಣಿಸಿದರೆ ಆ ಚಪ್ಪಟೆ ಹರಳಿನ ಅಂಚಿನ ಉದ್ದಕ್ಕೂ ಫೆರೈಟ್ ಹುಟ್ಟುತ್ತದೆ. ಹರಳಿನ ಗಾತ್ರ 10 ಮೈಕ್ರಾನಿಗಿಂತ ಕೆಳಗೆ ಇಳಿಯಬಲ್ಲದು. ಪ್ಲೇಟನ್ನು ರೋಲಿಂಗ್ ಸಾಲಿನಲ್ಲೇ ಹೀಗೆ ನೀರು ಬಿಟ್ಟು ತಣಿಸುವ ಕೆಲಸವನ್ನು ಜಪಾನಿನ ಫುಕುಯಾಮಾದಲ್ಲಿ ಎನ್‌ಕೆಕೆ ಕಂಪನಿ 1980ರಲ್ಲಿ ಉತ್ಪಾದನೆಗೆ ತಂದಿತು. ಬಲ ನೀರಿನಿಂದ ಬಂದಿದ್ದರಿಂದ ಕಾರ್ಬನ್ ಕಡಿಮೆ ಸಾಕು. ಕಾರ್ಬನ್ ಕಡಿಮೆ ಆದ್ದರಿಂದ ವೆಲ್ಡಿಂಗ್ ಸುಲಭ. ಎಷ್ಟೋ ಕಡೆ ಪ್ರೀಹೀಟ್ ಇಲ್ಲದೆ ನಡೆಯುತ್ತದೆ.

ಸೇತುವೆಯ ಗರ್ಡರ್, ಎತ್ತರದ ಶೆಡ್ಡಿನ ಕಂಬ, ಕ್ರೇನ್ ಬೀಮ್ ಇಂಥ ಕೆಲಸದಲ್ಲಿ ಕಟ್ ಮಾಡಿ ವೆಲ್ಡ್ ಮಾಡಿದರೆ ಮುಗಿಯಿತು. ಅಲ್ಲಿ ಕಣ್ಣು ಮುಚ್ಚಿ ಎಂ ಬಗೆ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಪ್ರೀಹೀಟಿನಲ್ಲಿ ಉಳಿಯುವ ಗ್ಯಾಸು ಮತ್ತು ಸಮಯ ಸಣ್ಣ ಉಳಿತಾಯ ಅಲ್ಲ. ಆದರೆ ಬಿಸಿಯಾಗಿ ಒತ್ತುವ ಕೆಲಸ ಇದ್ದರೆ ಇದನ್ನು ಮುಟ್ಟಬೇಡಿ. ಆಮೇಲೆ ನಾರ್ಮಲೈಸ್ ಮಾಡಿ ಸರಿ ಮಾಡುತ್ತೇನೆ ಅಂದುಕೊಳ್ಳುವುದು ಇನ್ನೂ ತಪ್ಪು. ಚಪ್ಪಟೆ ಹರಳು, ನೀರು ಎರಡೂ ಅಲ್ಲಿ ಇರುವುದಿಲ್ಲ. ಉಳಿಯುವುದು ಕಡಿಮೆ ಕಾರ್ಬನ್ನಿನ ಮೆತ್ತಗಿನ ಉಕ್ಕು. ಒತ್ತಡ ಬಿಡಿಸುವ ಕಾಯಿಸುವಿಕೆಗೂ ಮಿಲ್ಲು ಹೇಳಿದ ಮಿತಿಯನ್ನು ಮೊದಲು ಕೇಳಿಕೊಳ್ಳಿ.

ಕ್ಯೂ ಬಗೆ ಎಲ್ಲರಿಗೂ ಬೇಕಾಗುವುದಿಲ್ಲ. ಟಿಪ್ಪರಿನ ತಳ, ಬಕೆಟ್ಟಿನ ಬಾಯಿ, ಜಲ್ಲಿ ಕ್ರಷರಿನ ಒಳಪದರ ಇಂಥ ಸವೆಯುವ ಜಾಗಕ್ಕೆ ಬಳಸುವ ವೇರ್ ಪ್ಲೇಟುಗಳು ಈ ಜಾತಿಯವು. ಮೈತುಂಬ ಮಾರ್ಟೆನ್ಸೈಟ್. 400, 450, 500 ಅನ್ನುವ ಸಂಖ್ಯೆ ಬ್ರಿನೆಲ್ ಗಡಸುತನದ್ದು. ಇಂಥ ಪ್ಲೇಟಿನ ಗಡಸುತನ ಸುಮಾರು 250 ಡಿಗ್ರಿ ದಾಟಿದರೇ ಇಳಿಯಲು ಶುರುವಾಗಬಹುದು. ಗ್ಯಾಸ್ ಕಟಿಂಗ್ ಮಾಡಿದ ಅಂಚು ಮೆತ್ತಗಾಗುತ್ತದೆ. ಸಣ್ಣ ತುಂಡಾದರೆ ಇಡೀ ತುಂಡೇ ಬಿಸಿಯಾಗಿ ಹಾಳಾಗಬಹುದು. ಬಾಗಿಸಲು ಬೆಂಕಿ ತೋರಿಸಿದರೆ ನೀವು ದುಡ್ಡು ಕೊಟ್ಟ ಗುಣವೇ ಹೋಯಿತು.

ಕಾಯಿಲ್ ಮತ್ತು ಶೀಟು

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಇರುವಂಥ ಹಾಟ್ ಸ್ಟ್ರಿಪ್ ಮಿಲ್ಲಿನಲ್ಲಿ ಕೊನೆಯ ರೋಲಿನಿಂದ ಶೀಟು ಹೊರಬರುವಾಗ ಸುಮಾರು 850ರಿಂದ 900 ಡಿಗ್ರಿ ಇರುತ್ತದೆ. ಮುಂದೆ ಉದ್ದನೆಯ ರೋಲರ್ ದಾರಿ. ಮೇಲಿಂದ, ಕೆಳಗಿಂದ ನೀರಿನ ಸಾಲು. ಅದನ್ನು ದಾಟಿ ಶೀಟು ಕಾಯಿಲ್ ಆಗಿ ಸುತ್ತಿಕೊಳ್ಳುತ್ತದೆ. ಸುತ್ತುವ ಹೊತ್ತಿಗೆ ಎಷ್ಟು ಬಿಸಿ ಇತ್ತು ಅನ್ನುವುದೇ ಶೀಟಿನ ಹಣೆಬರಹ. ಸುತ್ತಿಕೊಂಡ ಕಾಯಿಲ್ ಪೂರ್ತಿ ಆರಲು ದಿನಗಳೇ ಬೇಕು.

650ರಿಂದ 700 ಡಿಗ್ರಿಯಲ್ಲಿ ಸುತ್ತಿದರೆ ಹರಳು ಬೆಳೆದು ಮೆತ್ತಗಾಗುತ್ತದೆ. ಬಾಗಿಸಲು, ಎಳೆದು ಆಕಾರ ಕೊಡಲು ಚೆಂದ. ಆದರೆ ಮೈಮೇಲಿನ ಕರಿ ಪದರ ದಪ್ಪವಾಗಿರುತ್ತದೆ. 600 ಡಿಗ್ರಿಯ ಸುತ್ತಮುತ್ತ ಸುತ್ತಿದರೆ ಹರಳು ಸಣ್ಣ. ನಯೋಬಿಯಂ, ಟೈಟಾನಿಯಂ ಇದ್ದರೆ ಅವು ಅತಿ ಸಣ್ಣ ಕಣಗಳಾಗಿ ಒಳಗೆ ಕೂತು ಇನ್ನಷ್ಟು ಬಲ ಕೊಡುತ್ತವೆ. ಇನ್ನೂ ತಣಿಸಿ 400-500ಕ್ಕೆ ಇಳಿಸಿದರೆ ಬೈನೈಟ್. 300ಕ್ಕಿಂತ ಕೆಳಗೆ ಹಂತ ಹಂತವಾಗಿ ತಂದರೆ ಫೆರೈಟಿನ ನಡುವೆ ಮಾರ್ಟೆನ್ಸೈಟ್ ಚುಕ್ಕೆಗಳಿರುವ ಡ್ಯೂಯಲ್ ಫೇಸ್ ಉಕ್ಕು. ಕಾರಿನ ಚಕ್ರಕ್ಕೆ ಅದು ಹೇಳಿಮಾಡಿಸಿದ್ದು.

ಪೀಣ್ಯ, ಬೊಮ್ಮಸಂದ್ರದ ಕಡೆ ಲೇಸರ್ ಕಟಿಂಗ್ ಮಾಡುವವರ ದೂರು ಬೇರೆ. "ಕಟ್ ಆದ ತಕ್ಷಣ ಪೀಸು ಎದ್ದು ನಿಲ್ಲುತ್ತದೆ ಸಾರ್" ಅನ್ನುತ್ತಾರೆ. ನೀರು ಅಗಲದ ಉದ್ದಕ್ಕೂ ಒಂದೇ ಸಮ ತಣಿಸಿಲ್ಲದಿದ್ದರೆ ಶೀಟಿನೊಳಗೆ ಒತ್ತಡ ಕೂತಿರುತ್ತದೆ. ಸುತ್ತಿ ಬಿಚ್ಚಿದ್ದರ ಒತ್ತಡವೂ ಅದಕ್ಕೆ ಸೇರುತ್ತದೆ. ಶೀಟು ಚಪ್ಪಟೆಯಾಗಿ ಕಂಡರೂ ಕತ್ತರಿಸಿದಾಗ ಅದು ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಗ್ರೇಡ್ ಬದಲಿಸಿ ಫಲವಿಲ್ಲ. ಚೆನ್ನಾಗಿ ಲೆವೆಲಿಂಗ್ ಮಾಡಿದ ಶೀಟು ಕೇಳಿ. ಮೈ ತೊಳೆದು ಎಣ್ಣೆ ಹಚ್ಚಿದ ಶೀಟು ಸಿಕ್ಕರೆ ಕಟಿಂಗ್ ಇನ್ನೂ ನಯವಾಗುತ್ತದೆ.

ಟ್ರೈಲರ್ ಚಾಸಿಗೆ ತೂಕ ಇಳಿಸಬೇಕು ಅಂತ ಎಸ್700 ಎಂಸಿಯಂಥ (700 ಎಂಪಿಎ ಯೀಲ್ಡಿನ) ಶೀಟಿಗೆ ಹೋಗುವವರು ಎರಡು ವಿಷಯ ನೋಡಿಕೊಳ್ಳಿ. ಬಾಗಿಸಿದ ಮೇಲೆ ಅದು ಹಿಂದಕ್ಕೆ ಜಾಸ್ತಿ ಚಿಮ್ಮುತ್ತದೆ. ಬಾಗಿಸುವ ಮೂಲೆಯ ರೇಡಿಯಸ್ಸೂ ದೊಡ್ಡದು ಬೇಕು. ಹಳೆಯ ಡೈ ಹಾಗೇ ಇಟ್ಟರೆ ಬಿರುಕು ಬರುತ್ತದೆ. ಬಿಸಿ ಮಾಡಿ ಬಾಗಿಸೋಣ ಅನ್ನಿಸಿದರೆ ಅದು ನಿಮ್ಮ ಕೆಲಸಕ್ಕೆ ಸರಿಯಾದ ಶೀಟಲ್ಲ.

ಕಂಬಿ

ಮನೆ ಕಟ್ಟುವವರು ಜಾಸ್ತಿ ಕೇಳುವುದು ಟಿಎಂಟಿ, ಅಂದರೆ ಮಿಲ್ಲಿನಲ್ಲೇ ನೀರು ಬಿಟ್ಟು ತಣಿಸಿದ ಕಾಂಕ್ರೀಟ್ ಕಂಬಿಯ ಬಗ್ಗೆ. ರಾಡು ಸುಮಾರು 1000 ಡಿಗ್ರಿಯಲ್ಲಿ ರೋಲಿನಿಂದ ಹೊರಬಂದು ನೀರಿನ ಕೊಳವೆಯೊಳಗೆ ನುಗ್ಗುತ್ತದೆ. ಒಳಗೆ ಇರುವುದು ಕ್ಷಣಮಾತ್ರ. ಹೊರಮೈ ಮಾರ್ಟೆನ್ಸೈಟ್ ಆಗುತ್ತದೆ, ನಡುಭಾಗ ಇನ್ನೂ ಕೆಂಡದ ಹಾಗೇ ಇರುತ್ತದೆ. ಮೈಸೂರು ಪಾಕ್ ಮಾಡುವವರು ಇದನ್ನು ತಟ್ಟೆಯಲ್ಲಿ ನೋಡಿರುತ್ತಾರೆ. ಸುರಿದ ಮೇಲೆ ಹೊರಗಡೆ ಬೇಗ ಆರುತ್ತದೆ, ನಡುವೆ ಉಳಿದ ಬಿಸಿ ಒಳಗನ್ನು ಇನ್ನಷ್ಟು ಬೇಯಿಸುತ್ತದೆ. ಕತ್ತರಿಸಿದರೆ ಅಂಚು ತಿಳಿ ಬಣ್ಣ, ನಡುವೆ ಕಂದು ಪಟ್ಟಿ. ರಾಡಿನಲ್ಲೂ ನಡುವಿನ ಬಿಸಿ ಹೊರಗೆ ಹರಿದು ಪೆಡಸಾದ ಹೊರಮೈಗೆ ಹದ ಕೊಡುತ್ತದೆ. ಆಮೇಲೆ ನಡುಭಾಗ ನಿಧಾನ ಆರಿ ಫೆರೈಟ್, ಪರ್ಲೈಟ್ ಆಗುತ್ತದೆ. ಹೊರಗೆ ಗಟ್ಟಿ ಉಂಗುರ, ಒಳಗೆ ಬಾಗುವ ತಿರುಳು. ಬೆಲ್ಜಿಯಂನಲ್ಲಿ ಬೆಳೆದ ಟೆಂಪ್‌ಕೋರ್, ಜರ್ಮನಿಯ ಥರ್ಮೆಕ್ಸ್ ಎರಡರ ಮೂಲ ಕ್ರಮ ಇದೇ.

ಎಫ್‌ಇ500 ಮತ್ತು ಎಫ್‌ಇ500ಡಿ ನಡುವೆ ನಾನು ಯಾವಾಗಲೂ ಡಿ ಕಡೆ. ಕಂಬಿಯ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 1786 ಪ್ರಕಾರ ಎರಡಕ್ಕೂ ಯೀಲ್ಡ್ 500. ಆದರೆ ಮೊದಲನೆಯದಕ್ಕೆ ಹಿಗ್ಗುವಿಕೆ ಕನಿಷ್ಠ ಶೇಕಡಾ 12, ಡಿಗೆ 16. ಕಾರ್ಬನ್ ಮಿತಿ ಮೊದಲನೆಯದಕ್ಕೆ 0.30, ಡಿಗೆ 0.25. ಮುರಿಯುವ ಮೊದಲು ಜಾಸ್ತಿ ಹಿಗ್ಗುವ ಕಂಬಿ ಮನೆಗೆ ಬೇಕು, ಅಲ್ವಾ? 550ಡಿ ತೆಗೆದುಕೊಂಡರೆ ಹಿಗ್ಗುವಿಕೆ 14.5ಕ್ಕೆ ಇಳಿಯುತ್ತದೆ. ಎಂಜಿನಿಯರ್ ಡ್ರಾಯಿಂಗಿನಲ್ಲಿ 550 ಲೆಕ್ಕ ಹಾಕಿ ಕಂಬಿ ಕಡಿಮೆ ಮಾಡಿದ್ದರೆ ಮಾತ್ರ ಅದರಿಂದ ಉಳಿತಾಯ.

ಕಂಬಿಯ ವಿಷಯದಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಸುವ ತಪ್ಪು ಒಂದಿದೆ. 20 ಎಂಎಂ ಟಿಎಂಟಿ ರಾಡನ್ನು ಲೇತಿಗೆ ಹಾಕಿ ಎಂ16 (16 ಎಂಎಂ ಬೋಲ್ಟಿನ) ಮರೆ, ಅಂದರೆ ಥ್ರೆಡ್, ಕೊರೆದು ಫೌಂಡೇಷನ್ ಬೋಲ್ಟ್ ಮಾಡುತ್ತಾರೆ. ಆ ರಾಡಿನಲ್ಲಿ ಗಟ್ಟಿ ಉಂಗುರ ಇರುವುದೇ ಹೆಚ್ಚುಕಡಿಮೆ 2 ಎಂಎಂ ದಪ್ಪ. ಎಂ16 ಮರೆಯ ತಳ ಸುಮಾರು 13.5 ಎಂಎಂ. ಅಂದರೆ ಪ್ರತಿ ಬದಿಯಿಂದ 3 ಎಂಎಂಗಿಂತ ಜಾಸ್ತಿ ಹೋಯಿತು. ಉಂಗುರ ಪೂರ್ತಿ ಲೇತಿನ ಚೂರಾಗಿ ಕಸದ ಡಬ್ಬಿ ಸೇರುತ್ತದೆ. ಬೋಲ್ಟಿನಲ್ಲಿ ಉಳಿಯುವುದು ಮೆತ್ತಗಿನ ತಿರುಳು. ಬಿಲ್ಲಿನಲ್ಲಿ ಮಾತ್ರ ಎಫ್‌ಇ500 ಅಂತ ಇರುತ್ತದೆ. ಬೋಲ್ಟಿಗೆ ಮೈಯೆಲ್ಲ ಒಂದೇ ಒಳರಚನೆ ಇರುವ ರೌಂಡ್ ರಾಡು ತೆಗೆದುಕೊಳ್ಳಿ. ಇಎನ್8 (ಮಧ್ಯಮ ಕಾರ್ಬನ್ ಉಕ್ಕಿನ ಒಂದು ಗ್ರೇಡ್) ಆಗಬಹುದು. ಆದರೆ ಅದರಲ್ಲಿ ಕಾರ್ಬನ್ ಶೇಕಡಾ 0.40ರ ಆಸುಪಾಸು, ಹಾಗಾಗಿ ಪ್ಲೇಟಿಗೆ ಸುಮ್ನೆ ವೆಲ್ಡ್ ಮಾಡಿ ಬಿಡುವ ಹಾಗಿಲ್ಲ. ಸೈಟಿನಲ್ಲಿ ದಪ್ಪ ಕಂಬಿಯನ್ನು ಕೆಂಪಗೆ ಕಾಯಿಸಿ ಬಾಗಿಸುವುದೂ ಇದೇ ಜಾತಿಯ ತಪ್ಪು. ಬಾಗಿದ ಜಾಗದಲ್ಲೇ ಬಲ ಹೋಗುತ್ತದೆ.

ಟಿಸಿ ಓದುವಾಗ

ಸಪ್ಲೈ ಕಂಡೀಷನ್ ಬರೆದಿಲ್ಲದಿದ್ದರೂ ಕೆಮಿಸ್ಟ್ರಿ ಸುಳಿವು ಕೊಡುತ್ತದೆ. ಇ350 ಪ್ಲೇಟಿನಲ್ಲಿ ಕಾರ್ಬನ್ 0.16-0.18, ಮ್ಯಾಂಗನೀಸ್ 1.4ರ ಹತ್ತಿರ ಇದ್ದರೆ ಬಲ ಬಹುಪಾಲು ಕೆಮಿಸ್ಟ್ರಿಯಿಂದ ಬಂದಿದೆ ಅಂತ ಅಂದಾಜು ಮಾಡಬಹುದು. ಕಾರ್ಬನ್ 0.10ರ ಆಸುಪಾಸು, ಜೊತೆಗೆ ನಯೋಬಿಯಂ, ಆದರೂ ಯೀಲ್ಡ್ 400 ದಾಟಿದ್ದರೆ ಅದು ರೋಲಿಂಗ್ ಮತ್ತು ತಣಿಸುವಿಕೆಯ ಕೊಡುಗೆ. ಅಂಥ ಪ್ಲೇಟಿಗೆ ಬೆಂಕಿ ತೋರಿಸುವ ಮೊದಲು ಎರಡು ಸಲ ಯೋಚಿಸಿ. ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ) ಪ್ಲೇಟಿನ ಮೇಲೂ ಟಿಸಿಯಲ್ಲೂ ಒಂದೇ ಇದೆಯಾ ಅಂತ ಗ್ಯಾಸ್ ಕಟಿಂಗಿಗೆ ಮುಂಚೆ ನೋಡಿ. ಕಟ್ ಆದ ಮೇಲೆ ನಂಬರ್ ಇರುವ ತುಂಡು ಎಲ್ಲಿಗೋ ಹೋಗಿರುತ್ತದೆ.

ಟಿಸಿ ಇಲ್ಲದ ಮಾಲು ಕೈಗೆ ಬಂದಿದ್ದರೆ ಹೆಬ್ಬೆರಳಿನಷ್ಟು ತುಂಡು ಕತ್ತರಿಸಿ ಲ್ಯಾಬಿಗೆ ಕೊಡಿ. ತಣ್ಣಗೆ ಕತ್ತರಿಸಿ, ಗರಗಸದಲ್ಲಿ, ನೀರು ಬಿಡುತ್ತಾ. ಗ್ಯಾಸಿನಲ್ಲಿ ಕತ್ತರಿಸಿದರೆ ನೋಡಬೇಕಾದದ್ದೇ ಅಳಿಸಿಹೋಗಿರುತ್ತದೆ. ಲ್ಯಾಬಿನಲ್ಲಿ ಅದನ್ನು ಕನ್ನಡಿಯಂತೆ ಉಜ್ಜಿ, ಆಲ್ಕೋಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆ್ಯಸಿಡ್ ಬೆರೆಸಿದ ನೈಟಾಲ್ ಹಚ್ಚುತ್ತಾರೆ. ಟಿಎಂಟಿ ರಾಡಾದರೆ ಕೆಲವೇ ಕ್ಷಣದಲ್ಲಿ ಬರಿಗಣ್ಣಿಗೇ ಕಪ್ಪು ಉಂಗುರ ಕಾಣುತ್ತದೆ. ಉಂಗುರ ಸುತ್ತಲೂ ಒಂದೇ ದಪ್ಪ ಇದೆಯಾ ನೋಡಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ನೀರು ಸಮನಾಗಿ ತಾಗಿಲ್ಲ. ಆ ಲಾಟನ್ನು ವಾಪಸ್ ಕಳಿಸಿ.